ತಡವಾಗಿ ಬಂದ ನಡುಕ

ಎಲ್ಲಿಯಾದರೂ ಮೋಟಾರು ಅಪಘಾತವಾಯಿತೆಂದರೆ ನಮ್ಮ ಜನ ಮೊದಲು ಕೇಳುವ ಪ್ರಶ್ನೆ ಒಂದೇ. "ಯಾರಿಗೂ ಏನೂ ಆಗಲಿಲ್ಲ ತಾನೆ?" ಆಗಲಿಲ್ಲವೆಂದು ಉತ್ತರ ಬಂದರೆ, "ಸದ್ಯ, ದೇವರು ದೊಡ್ಡವನು" ಎಂದು ಉಸಿರು ಬಿಟ್ಟು, ಆಮೇಲೆ ಕಾರಿನ ಬಾನೆಟ್ಟು, ವಿಮೆ, ಗ್ಯಾರೇಜಿನವನ ಬಿಲ್ಲು ಇವುಗಳ ವಿಚಾರಕ್ಕೆ ಬರುತ್ತಾರೆ. ಹಾಗೆ ಕೇಳುವವರ ಒಳ್ಳೆಯತನದಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಸಂದೇಹವಿರುವುದು ‘ಏನೂ’ ಎಂಬ ಆ ಎರಡಕ್ಷರದ ಪದದಲ್ಲಿ. ಅದರ ಹೊಟ್ಟೆಯೊಳಗೆ ಏನೇನು ಅಡಗಿರಬಹುದು ಎಂದು ಯಾರೂ ಬಿಚ್ಚಿ ನೋಡುವುದಿಲ್ಲ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಪದಗಳನ್ನು ಪೊಲೀಸರವನು ಹೊಸಬರನ್ನು ನೋಡುವ ಹಾಗೆ ನೋಡುವ ಚಾಳಿ ಬಂದುಬಿಡುತ್ತದೆ, ವಾಚಕರು ಮನ್ನಿಸಬೇಕು.

ಸರ್ಕಾರದ ಲೆಕ್ಕವೂ ಇದೇ ಪ್ರಶ್ನೆಯನ್ನೇ ಕೇಳುತ್ತದೆ. 2022ನೆಯ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ ಆದ ಅಪಘಾತಗಳು 4,61,312. ಸತ್ತವರು 1,68,491 ಮಂದಿ. ಗಾಯಗೊಂಡವರು 4,43,366 ಮಂದಿ. ಕೇಂದ್ರದ ಸಾರಿಗೆ ಇಲಾಖೆ ಅಚ್ಚು ಹಾಕಿಸಿದ ಅಂಕಿಗಳಿವು. ಒಂದು ಕಲಮು ಸತ್ತವರಿಗೆ, ಇನ್ನೊಂದು ಗಾಯಗೊಂಡವರಿಗೆ. ಇವೆರಡಕ್ಕೂ ಸೇರದೆ, ಬಟ್ಟೆಯ ಮೇಲಿನ ಧೂಳು ಕೊಡವಿಕೊಂಡು ಮನೆಗೆ ಹೋದವರು ಎಷ್ಟು ಜನರೋ, ಅವರಿಗೆ ಕಲಮೇ ಇಲ್ಲ. ನಾನು ಆ ಮೂರನೆಯ ಗುಂಪಿಗೆ ಸೇರಿದವನು. ನಮ್ಮ ಗುಂಪಿನಲ್ಲಿ ಕೆಲವರಿಗೆ ಆಗುವುದು ಆ ದಿನ ಆಗುವುದಿಲ್ಲ. ಅದು ನಿಧಾನವಾಗಿ, ತಿಂಗಳುಗಳ ತರುವಾಯ, ವಿಳಾಸ ವಿಚಾರಿಸಿಕೊಂಡು ಬರುತ್ತದೆ.

2024ರ ಜನವರಿ, ಸಂಕ್ರಾಂತಿ ಕಳೆದ ಮರುವಾರ. ತುರುವೇಕೆರೆ ಸೀಮೆಯ ಹಳ್ಳಿಯೊಂದರಲ್ಲಿ ಗೃಹಪ್ರವೇಶದ ಊಟ ಮುಗಿಸಿಕೊಂಡು ನಾವು ತುಮಕೂರಿಗೆ ಹಿಂದಿರುಗುತ್ತಿದ್ದೆವು. ಕಾರು ನನ್ನ ಭಾವಮೈದನದು, ಓಡಿಸುತ್ತಿದ್ದವನೂ ಅವನೇ. ನಾನು ಅವನ ಪಕ್ಕದಲ್ಲಿ, ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ. ಒಳದಾರಿ. ಆ ಕಾಲದಲ್ಲಿ ಆ ಕಡೆ ಹೋಗಿ ಬಂದವರಿಗೆ ಗೊತ್ತು, ಡಾಂಬರು ರಸ್ತೆಯೇ ಊರಿನ ಕಣ. ಕಿತ್ತ ಹುರುಳಿಯನ್ನು ರಸ್ತೆಯ ಮೇಲೆ ಮೊಣಕಾಲೆತ್ತರ ಹರಡಿಬಿಡುತ್ತಾರೆ. ಹೋಗುವ ಬರುವ ಲಾರಿ, ಬಸ್ಸು, ಕಾರುಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಇದನ್ನು ಮಾಡಕೂಡದೆಂದು ಅಧಿಕಾರಿಗಳು ಪ್ರತಿವರ್ಷ ಎಚ್ಚರಿಸುತ್ತಾರೆ. ಬೈಯುವವರ ಜೊತೆಗೆ ನಾನು ಪೂರಾ ಸೇರಲಾರೆ. ಕಣ ಮಾಡಲು ನೆಲ ಹದಮಾಡಿ, ಸಗಣಿ ಸಾರಿಸಿ, ರೋಣಗಲ್ಲು ಎಳೆಯಲು ಎತ್ತು ಕಟ್ಟುವ ಮನೆಗಳು ಈಗ ಎಷ್ಟಿವೆ? ಎತ್ತೂ ಇಲ್ಲ, ಆಳೂ ಇಲ್ಲ, ರಸ್ತೆಯೊಂದಿದೆ.

ನಮ್ಮ ಕಾರು ಆ ಹುರುಳಿಯ ಮೇಲೆ ಹತ್ತಿತು. ಒಣ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಕಾರಿನ ಹೊಟ್ಟೆಗೆ ಉಜ್ಜುವ ಸರಸರ ಸದ್ದು, ಭಾವಮೈದ ಬಾಯಲ್ಲಿ ಏನೋ ಅಂದದ್ದು, ಕಾರು ಹಾವಿನಂತೆ ಹೊರಳಿದ್ದು, ಬೇಲಿ, ಒಂದು ಹೊಂಗೆಯ ಮರ. ಮುಂಭಾಗ ನುಗ್ಗುನುರಿಯಾಯಿತು. ಸೀಟಿನ ಪಟ್ಟಿ ಕಟ್ಟಿಕೊಂಡಿದ್ದ ನಮಗೆ ಎದೆಯ ಮೇಲೆ ಒಂದೊಂದು ಬರೆ, ನನ್ನ ಹೆಂಡತಿಯ ಹಣೆಯಲ್ಲಿ ಒಂದು ತರಚು ಗಾಯ. ಅಷ್ಟೇ.

ಆಮೇಲಿನ ಒಂದು ಗಂಟೆ ನಾನು ನಡೆದುಕೊಂಡ ರೀತಿಯನ್ನು ನೆಂಟರಿಷ್ಟರು ಎಷ್ಟೋ ದಿನ ಹೊಗಳಿದರು. ಹೆಂಡತಿಯನ್ನು ಕೆಳಗಿಳಿಸಿ ನೆರಳಿನಲ್ಲಿ ಕೂರಿಸಿದೆ. ನೀರು ತರಿಸಿದೆ. ಕಾರಿನ ಸುತ್ತ ಒಂದು ಸುತ್ತು ಬಂದು, ಪೆಟ್ರೋಲು ಸೋರುತ್ತಿದೆಯೇ ಎಂದು ಬಗ್ಗಿ ನೋಡಿದೆ. ಗ್ಯಾರೇಜಿಗೆ, ವಿಮೆಯವರಿಗೆ, ಮನೆಗೆ, ಕ್ರಮವಾಗಿ ಮೊಬೈಲಿನಲ್ಲಿ ಮಾತಾಡಿದೆ. ನೆರೆದ ಹಳ್ಳಿಗರೊಡನೆ ಆ ವರ್ಷದ ರಾಗಿ ಬೆಳೆಯ ವಿಚಾರ ಕೂಡ ಮಾತಾಡಿದೆನಂತೆ. ಭಾವಮೈದನಾದರೋ ಹೊಂಗೆಯ ಬುಡದಲ್ಲಿ ಕುಸಿದು ಕೂತವನು, ಹಲ್ಲು ಕಟಕಟನೆ ಕಡಿಯುತ್ತ, ಚಳಿಜ್ವರದವನ ಹಾಗೆ ನಡುಗುತ್ತಿದ್ದ. ಒಂದು ವಾರ ಅವನು ನಿದ್ದೆ ಮಾಡಲಿಲ್ಲ. ಮೂರನೆಯ ವಾರದಲ್ಲಿ ರಿಪೇರಿಯಾದ ಕಾರನ್ನು ಕಾಂಪೌಂಡಿನಿಂದ ಹೊರಗೆ ತೆಗೆದ. ಶಿವರಾತ್ರಿಯ ಹೊತ್ತಿಗೆ ಎಂದಿನ ಮನುಷ್ಯನಾದ. ನಾನು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎರಡನೆಯ ಬಿ.ಎ. ತರಗತಿಗೆ ಪಾಠ ಹೇಳಿದೆ. "ಮೇಷ್ಟ್ರದು ಗಟ್ಟಿ ಗುಂಡಿಗೆ" ಎಂದರು.

ಮುಂದಿನ ಹತ್ತು ತಿಂಗಳಲ್ಲಿ ಹೇಳುವಂಥದ್ದೇನೂ ಇಲ್ಲ. ಬೆಂಗಳೂರಿಗೆ ಹೋಗಬೇಕಾದಾಗ ಮೊದಲಿನಂತೆ ಯಾರದಾದರೂ ಕಾರಿಗೆ ಕಾಯದೆ ರೈಲಿನಲ್ಲಿ ಹೋಗತೊಡಗಿದೆ. ಟಿಕೆಟ್ಟು ಅಗ್ಗ, ಪುಸ್ತಕ ಓದಬಹುದು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ನಲವತ್ತೈದು ದಾಟಿದವರಿಗೆ ಇದು ಹೊಸದೇನಲ್ಲ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಬೆಚ್ಚುತ್ತಿದ್ದೆ. ಇವು ಒಂದಕ್ಕೊಂದು ಸಂಬಂಧಪಟ್ಟವೆಂದು ಮನೆಯಲ್ಲಿ ಯಾರಿಗೂ ತೋರಲಿಲ್ಲ, ತೋರಲು ಕಾರಣವೂ ಇರಲಿಲ್ಲ.

ನಮ್ಮ ನಾಡಿನಲ್ಲಿ ರಾಜ್ಯೋತ್ಸವ ನವೆಂಬರಿಗೇ ಮುಗಿಯುವುದಿಲ್ಲವೆಂಬುದನ್ನು ವಾಚಕರು ಬಲ್ಲರು. 2024ರ ಡಿಸೆಂಬರಿನಲ್ಲಿ ಚಿಕ್ಕನಾಯಕನಹಳ್ಳಿಯ ಕಡೆಯ ಒಂದು ಕಾಲೇಜಿನವರು ಭಾಷಣಕ್ಕೆ ಕರೆದು ಕಾರು ಕಳುಹಿಸಿದರು. ಒಳ್ಳೆಯ ಹುಡುಗ ಡ್ರೈವರು; ಮೆಲ್ಲಗೆ ಓಡಿಸುತ್ತಿದ್ದ. ಊರು ಇನ್ನೂ ನಾಲ್ಕು ಮೈಲಿ ಇದೆ ಎನ್ನುವಾಗ ರಸ್ತೆಯ ಮೇಲೆ ಹುರುಳಿ ಕಂಡಿತು. ಅವನು ವೇಗವನ್ನು ಇನ್ನಷ್ಟು ತಗ್ಗಿಸಿ ಅದರ ಮೇಲೆ ಹಾಯಿಸಿದ. ಅಪಾಯ ಎಳ್ಳಷ್ಟೂ ಇರಲಿಲ್ಲ. ಸರಸರ ಎಂಬ ಆ ಸದ್ದು ಕೇಳಿತು. ಕಿಟಕಿಯಿಂದ ಒಣ ಹೊಟ್ಟಿನ ವಾಸನೆ ಬಂತು. ಮುಂದಿನದು ನನ್ನ ಕೈಯಲ್ಲಿರಲಿಲ್ಲ. "ನಿಲ್ಲಿಸು, ನಿಲ್ಲಿಸು" ಎಂದು ಕೂಗಿದ ಧ್ವನಿ ನನ್ನದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲು ತೆಗೆದು ಇಳಿದೆ. ಮೊಣಕಾಲು ನಿಲ್ಲಲಿಲ್ಲ. ಎದೆಯಲ್ಲಿ ಯಾರೋ ಒನಕೆ ಹಾಕುತ್ತಿದ್ದರು. ಅಂಗಿ ಬೆವರಿನಿಂದ ತೊಪ್ಪೆಯಾಯಿತು. "ಸಾರ್, ಹಾರ್ಟಾ ಸಾರ್?" ಎಂದು ಹುಡುಗ ಗಾಬರಿಯಿಂದ ಕೇಳಿದ. ಮರಳಿ ಆ ಕಾರಿನೊಳಕ್ಕೆ ಒಂದು ಕಾಲು ಇಡುವುದು ನನ್ನಿಂದ ಆಗಲಿಲ್ಲ. ಕನ್ನಡ ನಾಡು ನುಡಿಯ ಮೇಲಿನ ನನ್ನ ಭಾಷಣ ಆ ಊರಿಗೆ ತಪ್ಪಿಹೋಯಿತು. ಊರಿನವರಿಗೆ ಅದರಿಂದ ಭಾರಿ ನಷ್ಟವಾಗಿರಲಾರದು.

ಹೃದಯದ ಪರೀಕ್ಷೆಯಾಯಿತು. ಇ.ಸಿ.ಜಿ. ಚೆನ್ನಾಗಿತ್ತು. ಆದರೆ ಆ ದಿನದಿಂದ ಮುಚ್ಚಿದ್ದ ತೂಬು ಕಿತ್ತುಹೋದಂತಾಯಿತು. ರಾತ್ರಿ ಕಣ್ಣು ಮುಚ್ಚಿದರೆ ಹೊಂಗೆಯ ಮರ ಓಡಿ ಬರುವುದು. ಹಗಲು, ಪಾಠದ ನಡುವೆ, ಬೋರ್ಡಿನ ಮೇಲೆ ಸೀಮೆಸುಣ್ಣ ಉಜ್ಜಿದ ಸದ್ದಿಗೆ ಕೈ ನಿಂತುಹೋಗುವುದು. ಬಸ್ಸಿನಲ್ಲೂ ಕೂರಲಾರದೆ ಕಾಲೇಜಿಗೆ ನಡೆದು ಹೋಗತೊಡಗಿದೆ. ನನ್ನ ತಾಯಿ "ಗಾಳಿ ಸೋಕಿದೆ ಕಣಪ್ಪಾ, ದಾರೀಲಿ ಏನು ತುಳಿದ್ಯೋ ಏನೋ" ಎಂದು ದೃಷ್ಟಿ ತೆಗೆದು ತಾಯತ ಕಟ್ಟಿಸಿದರು. ಸ್ಟಾಫ್ ರೂಮಿನಲ್ಲಿ ಒಬ್ಬರು ಪಿತ್ತ ಎಂದರು, ಒಬ್ಬರು ಬಿ.ಪಿ. ಎಂದರು, ಪರೀಕ್ಷೆಯ ಮೌಲ್ಯಮಾಪನ ಹತ್ತಿರ ಬಂದಿದೆಯಲ್ಲ ಎಂದು ಒಬ್ಬರು ನಕ್ಕರು. ಅಪಘಾತದ ಮಾತನ್ನು ಯಾರೂ ಎತ್ತಲಿಲ್ಲ. ಹನ್ನೊಂದು ತಿಂಗಳ ಹಿಂದಿನದು, ಅದೂ ಏನೂ ಆಗದೆ ಹೋದದ್ದು, ಅದಕ್ಕೂ ಇದಕ್ಕೂ ಎಲ್ಲಿಯ ನಂಟು?

ನಂಟನ್ನು ಕಂಡವನು ಭಾವಮೈದನೊಬ್ಬನೇ. ಅವನು ಅದನ್ನು ಕಂಡ ಬಗೆಯೇ ಬೇರೆ. ಮಗಳ ನಾಮಕರಣಕ್ಕೆ ನಮ್ಮನ್ನು ಕರೆದೊಯ್ಯಲು ಕಾರು ತಂದಿದ್ದ. ನಾನು ಗೇಟಿನವರೆಗೆ ಹೋಗಿ, ಬಾಗಿಲ ಮೇಲೆ ಕೈಯಿಟ್ಟು, ಹಿಂದಕ್ಕೆ ಬಂದುಬಿಟ್ಟೆ. ಅವನ ಮುಖ ಬಾಡಿತು. "ಭಾವ, ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿಬಿಡಿ. ಒಂದು ವರ್ಷದಿಂದ ಮನಸ್ಸಲ್ಲೇ ಇಟ್ಕೊಂಡು, ಈಗ ಹೀಗೆ ಮಾಡೋದು ಬೇಡ" ಎಂದ. ನನ್ನ ಹೆಂಡತಿ ಒಬ್ಬಳೇ ಅವನ ಜೊತೆ ಹೋದಳು. ತವರಿಗೂ ಮನೆಗೂ ನಡುವೆ ಸಿಕ್ಕಿಕೊಂಡ ಹೆಂಗಸಿನ ಮುಖವನ್ನು ನೋಡಬೇಕಾದರೆ ಅವತ್ತು ಅವಳನ್ನು ನೋಡಬೇಕಿತ್ತು. ನನಗೆ ನಿದ್ದೆ ಹೋದದ್ದಕ್ಕಿಂತ ಇದು ಹೆಚ್ಚಾಗಿ ಚುಚ್ಚಿತು. ಅವನ ಮೇಲೆ ನನಗೆ ಮುನಿಸಿಲ್ಲವೆಂದು ಹೇಳುವುದು ಸುಲಭ. ಹಾಗಾದರೆ ಕಾರು ಹತ್ತು ಎಂದರೆ ಏನು ಹೇಳಲಿ?

ಹೆಂಡತಿಯೇ ಹಟ ಹಿಡಿದು ಒಬ್ಬ ಮನೋವೈದ್ಯೆಯ ಬಳಿಗೆ ಕರೆದುಕೊಂಡು ಹೋದಳು, 2025ರ ಫೆಬ್ರವರಿಯಲ್ಲಿ. ಆ ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಬರೆದುಕೊಂಡು, ಒಂದು ಹೆಸರು ಹೇಳಿದರು. ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಪಿ.ಟಿ.ಎಸ್.ಡಿ. ಕನ್ನಡದಲ್ಲಿ ‘ಆಘಾತೋತ್ತರ ಒತ್ತಡದ ಬೇನೆ’ ಎನ್ನಬಹುದು. ಇದು ನಾಲಗೆಗೆ ಅಷ್ಟು ಹಿತವಾಗಿಲ್ಲವೆಂದು ನಾನೂ ಒಪ್ಪುತ್ತೇನೆ. ಯುದ್ಧದಿಂದ ಮರಳಿದ ಸೈನಿಕರ ಕಾಯಿಲೆಯೆಂದು ಕೇಳಿದ್ದೆ. ವಿಯಟ್ನಾಂ ಯುದ್ಧದಿಂದ ಬಂದವರ ಪಾಡನ್ನು ಕಂಡ ಮೇಲೆಯೇ ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಈ ಹೆಸರನ್ನು ತನ್ನ ಕೈಪಿಡಿಗೆ ಸೇರಿಸಿದ್ದು. ಹುರುಳಿಯ ಮೇಲೆ ಜಾರಿದ ಮೇಷ್ಟರಿಗೂ ಅದು ಬರಬಹುದೆಂದು ನನಗೆ ಹೊಳೆದಿರಲಿಲ್ಲ. "ಹನ್ನೊಂದು ತಿಂಗಳಾದ ಮೇಲೆಯೇ, ಡಾಕ್ಟರೇ?" ಎಂದೆ. ಅದಕ್ಕೂ ಆ ಕೈಪಿಡಿಯಲ್ಲಿ ಜಾಗವಿದೆಯಂತೆ. ಘಟನೆಯಾಗಿ ಕನಿಷ್ಠ ಆರು ತಿಂಗಳಾದ ಮೇಲೆ ಕಾಯಿಲೆಯ ಲಕ್ಷಣಗಳೆಲ್ಲ ಕೂಡಿಬಂದರೆ ಅದು ತಡವಾಗಿ ಕಾಣಿಸಿಕೊಂಡ ಬಗೆ. 2013ರ ಪರಿಷ್ಕೃತ ಕೈಪಿಡಿ ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತದೆ. ಪೂರ್ತಿ ರೂಪ ತಡವಾಗಿ ಬಂದರೂ ಕೆಲವು ಚಿಹ್ನೆಗಳು ಮೊದಲೇ ಇಣುಕಿರಬಹುದು. ಏನೊಂದೂ ಇಲ್ಲದೆ ಥಟ್ಟನೆ ಉದ್ಭವಿಸುವುದು ಅಪರೂಪ. ಮೂರು ಗಂಟೆಯ ಎಚ್ಚರ, ರೈಲಿನ ಮೇಲೆ ಹೊಸದಾಗಿ ಹುಟ್ಟಿದ ಪ್ರೀತಿ, ತಟ್ಟೆಯ ಸದ್ದು ಇವನ್ನೆಲ್ಲ ಅವರು ಒಂದೇ ದಾರಕ್ಕೆ ಪೋಣಿಸಿದರು.

ಮನೆಗೆ ಬಂದವನು ನನ್ನ ಕಸುಬಿಗೆ ತಕ್ಕಂತೆ ಪುಸ್ತಕಗಳಿಗೆ ಮೊರೆಹೊಕ್ಕೆ. ಅಲ್ಲಿ ಸಿಕ್ಕ ಜೊತೆಗಾರ ಸಾಮಾನ್ಯನಲ್ಲ, ಚಾರ್ಲ್ಸ್ ಡಿಕನ್ಸ್. 1865ರ ಜೂನ್ 9ರಂದು ಅವನು ಲಂಡನ್ನಿಗೆ ಮರಳುತ್ತಿದ್ದ ರೈಲು ಕೆಂಟ್ ಪ್ರಾಂತದ ಸ್ಟೇಪಲ್‌ಹರ್ಸ್ಟ್ ಬಳಿ ಸೇತುವೆಯಿಂದ ಉರುಳಿತು. ಹಳಿ ದುರಸ್ತಿ ಮಾಡುತ್ತಿದ್ದ ಮೇಸ್ತ್ರಿ ವೇಳಾಪಟ್ಟಿಯನ್ನು ತಪ್ಪಾಗಿ ಓದಿಕೊಂಡಿದ್ದ. ಹತ್ತು ಜನ ಸತ್ತರು. ಡಿಕನ್ಸನ ಬೋಗಿ ಸೇತುವೆಯ ಅಂಚಿನಲ್ಲಿ ಜೋತುಬಿತ್ತು. ಅವನು ತನ್ನ ಜೊತೆಯವರನ್ನು ಇಳಿಸಿ, ಹ್ಯಾಟಿನಲ್ಲಿ ನೀರು ತಂದು, ಬಳಿಯಿದ್ದ ಬ್ರಾಂದಿಯನ್ನು ಗಾಯಾಳುಗಳ ಬಾಯಿಗೆ ಬಿಡುತ್ತ ಗಂಟೆಗಟ್ಟಲೆ ಓಡಾಡಿದ. ಆಮೇಲೆ, ಬರೆಯುತ್ತಿದ್ದ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯ ಹಸ್ತಪ್ರತಿ ಒಳಗೆ ಉಳಿದದ್ದು ನೆನಪಾಗಿ, ಜೋತಾಡುವ ಬೋಗಿಗೆ ಮತ್ತೆ ಹತ್ತಿ ಅದನ್ನು ತಂದ. ಎಂಥ ಸ್ಥೈರ್ಯ! ಹೊಗಳಿದವರು ಅಲ್ಲಿಯೂ ಇದ್ದರು. ಮರುದಿನಗಳಲ್ಲಿ ಕಾಗದ ಬರೆಯುವಾಗ ಅವನ ಕೈ ನಡುಗಿತು, ಧ್ವನಿ ಉಡುಗಿತು. ಅದು ಹೋಗಲಿ, ಮೂರು ವರ್ಷ ಕಳೆದು, 1868ರಲ್ಲಿ, ಲಂಡನ್ನಿನ ಕುದುರೆಗಾಡಿಯಲ್ಲಿ ಕೂತಾಗಲೂ ಕಾರಣವಿಲ್ಲದೆ ಭೀತಿ ನುಗ್ಗಿಬರುತ್ತದೆಂದು ಅವನು ಬರೆದ. ರೈಲು ಕೊಂಚ ಕುಲುಕಿದರೆ ಸೀಟಿನ ತೋಳುಗಳನ್ನು ಎರಡು ಕೈಯಲ್ಲಿ ಬಿಗಿಹಿಡಿಯುತ್ತಿದ್ದುದನ್ನು ಅವನ ಮಕ್ಕಳು ಕಂಡಿದ್ದಾರೆ. ಅವನು ತೀರಿಕೊಂಡದ್ದು 1870ರ ಜೂನ್ 9ರಂದು, ಐದು ವರ್ಷ ತುಂಬಿದ ಅದೇ ದಿನ. ಇದನ್ನು ನಾನು ಕಾಕತಾಳೀಯವೆಂದೇ ಎಣಿಸುತ್ತೇನೆ. ನನ್ನ ತಾಯಿಗೆ ಹೇಳಿದಾಗ ಅವರು ಹಾಗೆ ಎಣಿಸಲಿಲ್ಲ.

ಆ ಕಾಲದ ವೈದ್ಯರಿಗೂ ಇದು ಒಗಟಾಗಿತ್ತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ 1866ರಲ್ಲಿ ಈ ವಿಷಯದ ಮೇಲೆ ಉಪನ್ಯಾಸಗಳನ್ನೇ ಅಚ್ಚುಮಾಡಿಸಿದ. ರೈಲು ಅಪಘಾತದಲ್ಲಿ ಮೂಳೆ ಮುರಿಯದೆ ಎದ್ದು ನಡೆದವರು ದಿನಗಳೋ ವಾರಗಳೋ ಕಳೆದ ಮೇಲೆ ಹಾಸಿಗೆ ಹಿಡಿಯುವುದನ್ನು ಕಂಡು, ಬೆನ್ನುಹುರಿ ಅದುರಿ ಹೀಗಾಗಿದೆ ಎಂದು ಅವನು ಬಗೆದ. ‘ರೈಲ್ವೆ ಸ್ಪೈನ್’ ಎಂಬ ಹೆಸರು ಜನರ ಬಾಯಿಗೆ ಬಿತ್ತು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಇನ್ನೊಬ್ಬ ಶಸ್ತ್ರವೈದ್ಯ ಅದನ್ನು ಅಲ್ಲಗಳೆದು, ಬೆನ್ನುಹುರಿಗೆ ಏನೂ ಆಗಿಲ್ಲ, ಕೆಲಸ ಮಾಡಿರುವುದು ಭಯ ಎಂದ. ಇಂದಿನ ತಿಳಿವಿಗೆ ಇವನ ಮಾತೇ ಹತ್ತಿರ. ಆದರೆ ಇವನು ರೈಲ್ವೆ ಕಂಪನಿಯೊಂದರ ವೈದ್ಯ. ಬರಿಯ ಭಯವೆಂದಮೇಲೆ ಪರಿಹಾರದ ಹಣ ಕಡಿಮೆಯಾಗುವುದಲ್ಲವೆ? ಸತ್ಯ ಕೆಲವು ವೇಳೆ ಹೀಗೆ ಸಂಬಳ ಕೊಡುವವರ ಬಾಗಿಲಿನಿಂದಲೂ ಬರುತ್ತದೆ.

ಕಾನೂನಿನವರು ಭಯವನ್ನು ಎಂದೂ ಸುಲಭವಾಗಿ ನಂಬಿದವರಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಗಂಡಹೆಂಡಿರು ಕುದುರೆಗಾಡಿಯಲ್ಲಿ ಲೆವೆಲ್ ಕ್ರಾಸಿಂಗ್ ದಾಟುತ್ತಿದ್ದರು. ಗೇಟಿನವನು ಅಜಾಗರೂಕತೆಯಿಂದ ಗೇಟು ತೆರೆದಿದ್ದ. ರೈಲು ಕೂದಲೆಳೆಯಷ್ಟು ದೂರದಲ್ಲಿ ಹಾದುಹೋಯಿತು. ತಾಕಲಿಲ್ಲ. ಹೆಂಡತಿ ಮೂರ್ಛೆಹೋಗಿ, ಆಮೇಲೆ ಬಹುಕಾಲ ಕಾಯಿಲೆ ಬಿದ್ದಳು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಮೈಗೆ ಪೆಟ್ಟಿಲ್ಲದೆ ಬರಿಯ ದಿಗಿಲಿನಿಂದ ಆದ ಹಾನಿ ಬಹಳ ದೂರದ ಮಾತೆಂದು 1888ರಲ್ಲಿ ಅಲ್ಲಿಯ ನ್ಯಾಯಮೂರ್ತಿಗಳು ಪರಿಹಾರವನ್ನು ತಳ್ಳಿಹಾಕಿದರು. ಅಂದು ನಮ್ಮ ದೇಶದ ಮೊಕದ್ದಮೆಗಳಿಗೂ ಅದೇ ಕೊನೆಯ ಮೆಟ್ಟಿಲು. ನ್ಯಾಯಾಲಯಗಳು ಅಲ್ಲಿಂದ ಈಚೆಗೆ ಬಹಳ ಮುಂದೆ ಬಂದಿವೆ, ಮನಸ್ಸಿನ ಪೆಟ್ಟನ್ನು ಪೆಟ್ಟೆಂದು ಒಪ್ಪುತ್ತವೆ. ಆದರೂ ನಮ್ಮ ಮೋಟಾರು ವಾಹನ ಕಾಯಿದೆಯ ಒಂದು ಸಂಗತಿ ನನಗೆ ವಿಚಿತ್ರವಾಗಿ ಕಾಣುತ್ತದೆ. ಪರಿಹಾರ ಕೇಳಲು ಇದ್ದ ಗಡುವನ್ನು 1994ರಲ್ಲಿ ತೆಗೆದುಹಾಕಿದ್ದರು. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. 166ನೆಯ ಸೆಕ್ಷನ್ನಿನ ಮೂರನೆಯ ಉಪವಿಧಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಆರು ತಿಂಗಳನ್ನೂ ಆ ವೈದ್ಯರ ಕೈಪಿಡಿಯ ಆರು ತಿಂಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ವೈದ್ಯರು ‘ಇನ್ನು ಇದನ್ನು ತಡವಾಗಿ ಬಂದದ್ದು ಎನ್ನಬಹುದು’ ಎಂದು ಬಾಗಿಲು ತೆರೆಯುವ ದಿನವೇ ವಕೀಲರು ಬಾಗಿಲು ಹಾಕುತ್ತಾರೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ನನಗೆ ಪರಿಹಾರದ ಹಣ ಬೇಕಾಗಿರಲಿಲ್ಲ. ಆದರೆ ಆಟೋ ಓಡಿಸಿಯೇ ಮನೆ ನಡೆಸುವವನೊಬ್ಬನಿಗೆ ಎಂಟನೆಯ ತಿಂಗಳಿನಲ್ಲಿ ಹ್ಯಾಂಡಲ್ ಹಿಡಿಯಲು ಕೈ ಬಾರದೆ ಹೋದರೆ ಅವನು ಯಾರನ್ನು ಕೇಳಬೇಕು? ಅವನ ಡಿಸ್ಚಾರ್ಜ್ ಚೀಟಿಯಲ್ಲಿ ‘ಗಾಯವಿಲ್ಲ’ ಎಂದೇ ಬರೆದಿರುತ್ತದೆ.

ಮೈ ಯಾಕೆ ಹೀಗೆ ತಡಮಾಡುತ್ತದೆ? ಡಾಕ್ಟರಮ್ಮ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಮಾಮೂಲು ನೆನಪುಗಳಿಗೆ ಹೊತ್ತುಗೊತ್ತಿನ ಮುದ್ರೆ ಬಿದ್ದಿರುತ್ತದೆ. ಇದು ಆಗಿಹೋದದ್ದು ಎಂದು ಅವೇ ಹೇಳುತ್ತವೆ. ಪ್ರಾಣಭೀತಿಯ ಕ್ಷಣದ ನೆನಪಿಗೆ ಆ ಮುದ್ರೆ ಸರಿಯಾಗಿ ಬೀಳುವುದಿಲ್ಲ. ಸದ್ದು, ವಾಸನೆ, ಚಿತ್ರ ಬಿಡಿಬಿಡಿಯಾಗಿ ಉಳಿಯುತ್ತವೆ. ಎಂದೋ ಅಂಥದೇ ಸದ್ದು ಕೇಳಿದಾಗ ಅದು ನೆನಪಾಗಿ ಬರುವುದಿಲ್ಲ, ಅಪಾಯವಾಗಿಯೇ ಬರುತ್ತದೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಭೂತಕಾಲದ ಕ್ರಿಯಾಪದವೊಂದು ವರ್ತಮಾನದ ಪ್ರತ್ಯಯ ಹಚ್ಚಿಕೊಂಡು ತಿರುಗಾಡುತ್ತದೆ. ಹೋದ ಕಾಲಕ್ಕೂ ದೆವ್ವಕ್ಕೂ ‘ಭೂತ’ ಎಂಬ ಒಂದೇ ಹೆಸರಿಟ್ಟವರಿಗೆ ಇದು ಗೊತ್ತಿದ್ದಿರಬೇಕು. ನಮ್ಮ ತಾಯಿಯ ರೋಗನಿದಾನ ಅಷ್ಟೇನೂ ತಪ್ಪಾಗಿರಲಿಲ್ಲ. ಹಳಗನ್ನಡದ ‘ಬೆರ್ಚು’ ಹೊಸಗನ್ನಡದಲ್ಲಿ ‘ಬೆಚ್ಚು’ ಆಗಿದೆ. ಅಂಜುವವನಿಗೆ ತಾನು ಯಾವುದಕ್ಕೆ ಅಂಜುತ್ತೇನೆಂದು ಗೊತ್ತು. ಬೆಚ್ಚುವವನಿಗೆ ಗೊತ್ತಿರುವುದಿಲ್ಲ, ಮೈಗೆ ಮಾತ್ರ ಗೊತ್ತಿರುತ್ತದೆ.

ಆ ಅವಧಿಯಲ್ಲಿ ನನ್ನ ಪಾಲಿಗೆ ಬಂದ ಪಾಠ ರನ್ನನ ‘ಗದಾಯುದ್ಧ’. ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ, ಸಿಂಹಾವಲೋಕನ ಕ್ರಮವೆಂದರೇನು? ಸಿಂಹ ಒಂದಷ್ಟು ದೂರ ನಡೆದು, ನಿಂತು, ತಿರುಗಿ ಬಂದ ದಾರಿಯನ್ನು ನೋಡುವಂತೆ, ಯುದ್ಧದ ಕೊನೆಯ ದಿನದಲ್ಲಿ ನಿಂತು ಕವಿ ಇಡೀ ಭಾರತವನ್ನು ಹಿಂದಿರುಗಿ ನೋಡುತ್ತಾನೆ. ಎಷ್ಟು ಸಲ ಬರೆಸಿದ್ದೇನೆ ಈ ಉತ್ತರವನ್ನು! ಆ ವರ್ಷ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುವ ಭಾಗಕ್ಕೆ ಬಂದಾಗ ನನಗೊಂದು ಸಂಗತಿ ತೋರಿತು. ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಅವನಿಗೆ ದ್ರೋಣರಿಗಾಗಿ, ಕರ್ಣನಿಗಾಗಿ, ದುಶ್ಶಾಸನನಿಗಾಗಿ ಮನಸಾರೆ ಅಳಲು ಪುರಸೊತ್ತಾದರೂ ಎಲ್ಲಿತ್ತು? ಮರುದಿನಕ್ಕೆ ಸೇನಾಪತಿಯನ್ನು ಹುಡುಕಬೇಕು, ವ್ಯೂಹ ಕಟ್ಟಬೇಕು. ಎಲ್ಲ ಕೆಲಸವೂ ಮುಗಿದಮೇಲೆ, ಮಾಡಲು ಏನೂ ಉಳಿಯದಿದ್ದಾಗ, ಒಬ್ಬೊಬ್ಬರಾಗಿ ಎದುರಿಗೆ ಬರುತ್ತಾರೆ. ಅಂದು ಹೊಂಗೆಯ ಮರದ ಕೆಳಗೆ ನನಗೆ ಎಷ್ಟೊಂದು ಕೆಲಸವಿತ್ತು! ಭಾವಮೈದನಿಗೆ ನಡುಗುವುದೊಂದೇ ಕೆಲಸ. ಅವನು ಅದನ್ನು ಅಲ್ಲಿಯೇ ಮುಗಿಸಿಬಿಟ್ಟ.

ಇದನ್ನು ಓದಿ, ಅಪಘಾತವಾದವರನ್ನೆಲ್ಲ ಅಂದೇ ಕೂರಿಸಿ ಬಾಯಿ ಬಿಡಿಸಬೇಕೆಂದು ಯಾರೂ ಹೊರಡಬಾರದು. ಆಕ್ಸ್‌ಫರ್ಡಿನಲ್ಲಿ ರಿಚರ್ಡ್ ಮೇಯು ಮತ್ತು ಸಂಗಡಿಗರು ಅದನ್ನೇ ಪರೀಕ್ಷಿಸಿ ನೋಡಿದರು. ರಸ್ತೆ ಅಪಘಾತದಿಂದ ಆಸ್ಪತ್ರೆ ಸೇರಿದ ಕೆಲವರನ್ನು ಕೂಡಲೇ ಮಾತಾಡಿಸಿ ಎಲ್ಲವನ್ನೂ ಹೇಳಿಸಿದರು, ಕೆಲವರನ್ನು ಅವರ ಪಾಡಿಗೆ ಬಿಟ್ಟರು. ಮೂರು ವರ್ಷದ ಮೇಲೆ ನೋಡಿದರೆ ಮಾತಾಡಿಸಿದವರ ಸ್ಥಿತಿಯೇ ಕೆಟ್ಟದಾಗಿತ್ತು. ಇದು ಪ್ರಕಟವಾದದ್ದು 2000ದಲ್ಲಿ. ಬಹುಮಂದಿಗೆ ಕಾಲವೇ ಮದ್ದು; ಕೆಲವರಿಗೆ ಮಾತ್ರ ಮದ್ದೇ ಮದ್ದು. ಆ ಕೆಲವರಿಗೆ ಈಗ ನಿಜವಾದ ಚಿಕಿತ್ಸೆ ಉಂಟು. ತೀರ ತೋಚದವರು 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲಿಯೇ ಮಾತಾಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಏರ್ಪಾಡು ಅದು, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ.

ನನಗೆ ಸರ್ಟ್ರಲೀನ್ ಎಂಬ ಮಾತ್ರೆಯನ್ನು ಕೆಲವು ತಿಂಗಳು ಕೊಟ್ಟರು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕಥೆ ಹೇಳುವುದು. ಕಣ್ಣು ಮುಚ್ಚಿ, ಆ ದಿನದ ಕಥೆಯನ್ನು ವರ್ತಮಾನ ಕಾಲದಲ್ಲಿ ಹೇಳಬೇಕು. ‘ಕಾರು ಹುರುಳಿಯ ಮೇಲೆ ಹತ್ತುತ್ತಿದೆ, ಸದ್ದು ಕೇಳುತ್ತಿದೆ’, ಹೀಗೆ. ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಮೊದಲ ದಿನ ಹೊಂಗೆಯ ಮರದವರೆಗೂ ಹೋಗಲಾಗಲಿಲ್ಲ. ನಾಲ್ಕನೆಯ ವಾರ, ಮರ ದಾಟಿ, ಹೆಂಡತಿಯನ್ನು ಇಳಿಸಿ, ನೀರು ತರಿಸಿ, ಕಾರಿನ ಸುತ್ತ ಬರುತ್ತಿದ್ದವನನ್ನು ಡಾಕ್ಟರಮ್ಮ ತಡೆದರು. "ಸುತ್ತ ಯಾಕೆ ಬರ್ತಿದ್ದೀರಿ?" "ಪೆಟ್ರೋಲು ಸೋರುತ್ತಿದೆಯೇ ಅಂತ." "ಬಗ್ಗಿ ಏನು ನೋಡ್ತಿದ್ದೀರಿ?" ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಪೆಟ್ರೋಲಲ್ಲ. ನಾನು ನೋಡುತ್ತಿದ್ದುದು ಒಂದು ಕೆಂಪು ಸೀರೆಗಾಗಿ. ಹುರುಳಿಯನ್ನು ತಿರುವಿ ಹಾಕುತ್ತ ರಸ್ತೆಯ ನಡುವೆ ಒಬ್ಬ ಹೆಂಗಸು ಬಗ್ಗಿ ನಿಂತಿದ್ದಳು. ಕಾರು ಹೊರಳುವ ಮೊದಲು ನಾನು ಕಂಡ ಕೊನೆಯ ವಸ್ತು ಆ ಸೀರೆ. ಅವಳು ಕಾರಿನಡಿಯಲ್ಲಿದ್ದಾಳೆಂದುಕೊಂಡೇ ಅರ್ಧ ನಿಮಿಷ ನಾನು ಆ ಸುತ್ತು ಬಂದದ್ದು. ಆಚೆ ಬದಿಗೆ ಬಂದಾಗ ಅವಳು ರಸ್ತೆಯಂಚಿನಲ್ಲಿ ನಿಂತು, ಚೆಲ್ಲಾಪಿಲ್ಲಿಯಾದ ತನ್ನ ಹುರುಳಿಯನ್ನು ಗುಡ್ಡೆ ಮಾಡುತ್ತಿದ್ದಳು. ಆ ಅರ್ಧ ನಿಮಿಷ ನನ್ನ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು, ಹದಿನಾಲ್ಕು ತಿಂಗಳು.

ಅಂದು ಸಂಜೆ ಭಾವಮೈದನಿಗೆ ಫೋನು ಮಾಡಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಅಮ್ಮನ್ನ ತಪ್ಪಿಸೋಕೇ ಭಾವ ನಾನು ಎಡಕ್ಕೆ ಎಳೆದದ್ದು. ನಿಮಗೆ ಕಾಣಿಸಲೇ ಇಲ್ಲ ಅಂದ್ಕೊಂಡಿದ್ದೆ. ಮರಕ್ಕೆ ಹೊಡೆದ ಅಂತ ಬೈಕೊಳ್ತಿದ್ದೀರಿ ಅಂದ್ಕೊಂಡೆ" ಎಂದ. ಮರುದಿನ ಬೆಳಿಗ್ಗೆ, ಹೇಳದೆ ಕೇಳದೆ, ಕಾರು ತಂದು ನಮ್ಮ ಕಾಂಪೌಂಡಿನೊಳಗೆ ನಿಲ್ಲಿಸಿ, ಬೀಗದ ಕೈಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಬಸ್ಸಿನಲ್ಲಿ ಹಿಂದಿರುಗಿದ.

ಏಕೆಂದರೆ ಚಿಕಿತ್ಸೆಯ ಇನ್ನೊಂದು ಭಾಗ ನಿಂತ ಕಾರಿನಲ್ಲಿ ಕೂರುವುದು. ಮೊದಲು ಬಾಗಿಲು ತೆರೆದಿಟ್ಟು, ಆಮೇಲೆ ಮುಚ್ಚಿ, ಆಮೇಲೆ ಪಟ್ಟಿ ಕಟ್ಟಿಕೊಂಡು, ಎದೆಯ ಬಡಿತ ತಾನಾಗಿ ಇಳಿಯುವವರೆಗೆ ದಿನಕ್ಕೆ ಮುಕ್ಕಾಲು ಗಂಟೆ. ಎಲ್ಲಿಗೂ ಹೋಗದ ಕಾರಿನಲ್ಲಿ ಪಟ್ಟಿ ಬಿಗಿದುಕೊಂಡು ಕೂತ ಮೇಷ್ಟರನ್ನು ನೋಡಲು ಬೀದಿಯ ಮಕ್ಕಳು ಬಂದವು. ಪಕ್ಕದ ಮನ��ಯ ನಿವೃತ್ತ ತಹಸೀಲ್ದಾರರು "ಏನು ಮೇಷ್ಟ್ರೇ, ಡ್ರೈವರ್ ಬರಲಿಲ್ಲವೋ?" ಎಂದು ದಿನಾಲೂ ವಿಚಾರಿಸಿದರು. ಹುಚ್ಚಾಸ್ಪತ್ರೆಯ ಮಾತು ಬೀದಿಯಲ್ಲಿ ಹುಟ್ಟದಿರಲೆಂದು ನನ್ನ ತಾಯಿ ಬಟ್ಟಲು ಕಾಫಿಯನ್ನು ಕಾರಿಗೇ ತಂದು, ಹಿಂದಿನ ಸೀಟಿನಲ್ಲಿ ತಾವೂ ಕೂತು, ಕಿಟಕಿಯಿಂದ ಎಲ್ಲರನ್ನೂ ಮಾತಾಡಿಸತೊಡಗಿದರು. ಅಲ್ಲಿ ಕೂತು ಸೊಪ್ಪು ಬಿಡಿಸಿದ್ದೂ ಉಂಟು.

ಜೂನಿನಲ್ಲಿ ಬೀದಿಯ ಕೊನೆಯವರೆಗೆ ಹೋದೆವು. ಆಗಸ್ಟಿನಲ್ಲಿ ಮಲ್ಲಸಂದ್ರ. ಹೋದ ಭಾನುವಾರ ಭಾವಮೈದ ಬಂದು, ಎಂಜಿನ್ನು ಚಾಲೂ ಮಾಡಿ, ನನ್ನ ಕಡೆ ನೋಡದೆ, "ಗುಬ್ಬಿ ತನಕ ಹೋಗೋಣ್ವಾ ಭಾವ?" ಎಂದ. ಹೋದೆವು. ದಾರಿಯಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಅವನು ಯಾಕೆಂದು ಕೇಳಲಿಲ್ಲ. ಗುಬ್ಬಿಯಲ್ಲಿ ಇಡ್ಲಿ ತಿಂದು ಬಂದೆವು. ಹೊಲಗಳಲ್ಲಿ ರಾಗಿ ಇನ್ನೂ ಹಸಿರಾಗಿದೆ. ಹುರುಳಿ ಕೀಳಲು ಎರಡು ತಿಂಗಳಿದೆ.